ಲಂಗರು ಹಾಕಿ ನಿಂತ ಬೋಟನ್ನು ಗಾಳಿ ಎಷ್ಟು ಬಲದಿಂದ ಎಳೆಯುತ್ತದೆ?

2019ರ ಅಕ್ಟೋಬರ್ ಕೊನೆಯಲ್ಲಿ ಅರಬ್ಬಿ ಸಮುದ್ರದಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ, ಹೊರರಾಜ್ಯದವೂ ಸೇರಿದಂತೆ ನೂರಾರು ಮೀನುಗಾರಿಕಾ ಬೋಟುಗಳು ಕಾರವಾರದ ಬೈತಖೋಲ ಬಂದರಿನ ಆಸುಪಾಸಿಗೆ ಬಂದು ಆಶ್ರಯ ಪಡೆದಿದ್ದವು. ಗುಡ್ಡದ ಮರೆ ಮತ್ತು ಎದುರಿನ ದ್ವೀಪಗಳ ಅಡ್ಡ ಇರುವುದರಿಂದ ಕಾರವಾರದ ಕೊಲ್ಲಿ ಇಂಥ ಹೊತ್ತಿನಲ್ಲಿ ಪಶ್ಚಿಮ ಕರಾವಳಿಯ ಮೀನುಗಾರರಿಗೆ ಮೊದಲು ನೆನಪಾಗುವ ಜಾಗಗಳಲ್ಲೊಂದು. ಆದರೆ ಕೊಲ್ಲಿಯೊಳಗೆ ಬಂದು ಲಂಗರು ಇಳಿಸಿದ ಮಾತ್ರಕ್ಕೆ ರಾತ್ರಿ ನಿದ್ದೆ ಬರುವುದಿಲ್ಲ. ಮರೆಯಲ್ಲಿಯೂ ಗಾಳಿ ಬೀಸುತ್ತದೆ, ಬೋಟು ಹಿಂದಕ್ಕೆ ಜಗ್ಗುತ್ತದೆ, ಅಷ್ಟೂ ಜಗ್ಗಾಟವನ್ನು ಒಂದು ಹಗ್ಗವೋ ಸರಪಳಿಯೋ ಕೆಸರಿನಲ್ಲಿ ಹೂತ ಕಬ್ಬಿಣದ ತುಂಡಿಗೆ ಒಪ್ಪಿಸುತ್ತಿರುತ್ತದೆ. ಆ ಹಗ್ಗದ ಮೇಲೆ ಬಿದ್ದಿರುವುದು ಎಷ್ಟು ಕೆ.ಜಿ. ಎಳೆತ ಎಂದು ಕೇಳಿದರೆ ಬೋಟು ನಡೆಸುವ ಅನುಭವಸ್ಥ ತಾಂಡೇಲರು ಕೂಡ ಸಾಮಾನ್ಯವಾಗಿ ಅಂಕಿ ಹೇಳುವುದಿಲ್ಲ. ಹಗ್ಗದ ದಪ್ಪ ಹೇಳುತ್ತಾರೆ, ಲಂಗರಿನ ತೂಕ ಹೇಳುತ್ತಾರೆ. ಅಂಕಿಯನ್ನು ಅಂದಾಜು ಮಾಡುವುದು ಕಷ್ಟವಲ್ಲ, ಒಂದು ಕಾಗದ, ಒಂದು ಪೆನ್ಸಿಲ್ ಸಾಕು. ಕಷ್ಟವಿರುವುದು ಬಂದ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದರಲ್ಲಿ. ಪುಸ್ತಕದ ಸೂತ್ರ ಕೊಡುವುದು ಎಳೆತದ ಕನಿಷ್ಠ ಮೊತ್ತವನ್ನೇ ಹೊರತು ಗರಿಷ್ಠವನ್ನಲ್ಲ ಎಂಬುದೇ ಈ ಲೇಖನದಲ್ಲಿ ನಾನು ವಿವರಿಸಲು ಹೊರಟಿರುವ ವಿಷಯ.

ಗಾಳಿಗೂ ತೂಕವಿದೆ ಎಂಬಲ್ಲಿಂದ ಲೆಕ್ಕ ಆರಂಭವಾಗುತ್ತದೆ. ನಮ್ಮ ಕರಾವಳಿಯ 30 ಡಿಗ್ರಿ ಸೆಕೆಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.16 ಕೆ.ಜಿ. ತೂಗುತ್ತದೆ. ಹಿಮ ಬೀಳುವ ನಾಡಿನ ತಣ್ಣನೆಯ ಗಾಳಿ ಇದಕ್ಕಿಂತ ಹತ್ತು ಶೇಕಡದಷ್ಟು ಭಾರ, ಆದ್ದರಿಂದ ಅಷ್ಟೇ ವೇಗದಲ್ಲಿ ಬೀಸಿದರೂ ಅಲ್ಲಿ ಹೊಡೆತ ಸ್ವಲ್ಪ ಹೆಚ್ಚು. ಚಲಿಸುತ್ತಿರುವ ಈ ತೂಕ ಒಂದು ಅಡ್ಡಗೋಡೆಗೆ ಬಡಿದು ನಿಂತಾಗ ಗೋಡೆಯ ಮೇಲೆ ಬೀಳುವ ಒತ್ತಡವು ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ವೇಗ ಎರಡು ಸಲ ಲೆಕ್ಕಕ್ಕೆ ಬರುವುದಕ್ಕೆ ಕಾರಣ ಸರಳ: ಗಾಳಿ ಎರಡು ಪಟ್ಟು ಜೋರಾದರೆ ಪ್ರತಿ ಸೆಕೆಂಡಿಗೆ ಬಂದು ಬಡಿಯುವ ಗಾಳಿಯ ಪ್ರಮಾಣವೂ ಎರಡು ಪಟ್ಟು, ಆ ಪ್ರತಿಯೊಂದು ಕಣದ ರಭಸವೂ ಎರಡು ಪಟ್ಟು. ಹೀಗಾಗಿ ಒಟ್ಟು ಹೊಡೆತ ನಾಲ್ಕು ಪಟ್ಟು.

ಎಂಜಿನಿಯರುಗಳು ಇದನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂಬ ವೇಗದಲ್ಲಿ ಮತ್ತು ನ್ಯೂಟನ್ ಎಂಬ ಮಾನದಲ್ಲಿ ಬರೆಯುತ್ತಾರೆ. ನಮಗೆ ಮುನ್ಸೂಚನೆಯಲ್ಲಿ ಕೇಳಿಸುವುದು ಗಂಟೆಗೆ ಇಷ್ಟು ಕಿ.ಮೀ. ಎಂದು, ಹಗ್ಗ ಕೊಳ್ಳುವಾಗ ನೋಡುವುದು ಕೆ.ಜಿ. ಅಥವಾ ಟನ್ ಲೆಕ್ಕ. ಈ ಎರಡನ್ನೂ ಹೊಂದಿಸಿ, ಗಾಳಿಯ ಸಾಂದ್ರತೆಯನ್ನೂ ಒಳಗೇ ಸೇರಿಸಿ ಸರಳಗೊಳಿಸಿದರೆ ಒಂದು ಸುಲಭದ ಸೂತ್ರ ಸಿಗುತ್ತದೆ: ಗಂಟೆಗೆ ಕಿ.ಮೀ. ಲೆಕ್ಕದ ಗಾಳಿಯ ವೇಗವನ್ನು ಅದರಿಂದಲೇ ಗುಣಿಸಿ 220ರಿಂದ ಭಾಗಿಸಬೇಕು. ಬರುವ ಉತ್ತರವು ಒಂದು ಚದರ ಮೀಟರಿನ ಮೇಲೆ ಬೀಳುವ ಒತ್ತಡ, ಕೆ.ಜಿ. ತೂಕದ ಲೆಕ್ಕದಲ್ಲಿ. ಗಂಟೆಗೆ 65 ಕಿ.ಮೀ. ಗಾಳಿಗೆ 65 ಗುಣಿಸು 65, ಅಂದರೆ 4,225. ಅದನ್ನು 220ರಿಂದ ಭಾಗಿಸಿದರೆ ಸುಮಾರು 19 ಕೆ.ಜಿ. ಎರಡು ಚದರ ಮೀಟರಿನ ಒಂದು ಬಾಗಿಲನ್ನು ಆ ಗಾಳಿಗೆ ಎದುರಾಗಿ ಹಿಡಿದರೆ ಹತ್ತಿರಹತ್ತಿರ ನಲವತ್ತು ಕೆ.ಜಿ. ಬಲದಿಂದ ಅದು ನಮ್ಮನ್ನು ಹಿಂದಕ್ಕೆ ದಬ್ಬುತ್ತದೆ. ಮಳೆಗಾಲದಲ್ಲಿ ಕಡಲದಂಡೆಯ ಮನೆಯ ಬಾಗಿಲು ಹಾಕಲು ಒದ್ದಾಡಿದವರಿಗೆ ಈ ಅಂಕಿ ಉತ್ಪ್ರೇಕ್ಷೆ ಎನ್ನಿಸಲಾರದು.

ಇನ್ನು ಸೂತ್ರಕ್ಕೆ ಹಾಕಬೇಕಾದ ವೇಗ ಯಾವುದು ಎಂಬ ಪ್ರಶ್ನೆ. ಹವಾಮಾನ ಇಲಾಖೆ ಮೀನುಗಾರರಿಗೆ ಕೊಡುವ ಎಚ್ಚರಿಕೆಯಲ್ಲಿ ಎರಡು ಬಗೆಯ ಅಂಕಿಗಳು ಇರುತ್ತವೆ: ‘ಗಂಟೆಗೆ 45ರಿಂದ 55 ಕಿ.ಮೀ. ವೇಗದ ಗಾಳಿ, ಆಗಾಗ 65 ಕಿ.ಮೀ. ವರೆಗೆ’ ಎಂಬ ಧಾಟಿಯ ವಾಕ್ಯ ಎಲ್ಲರಿಗೂ ಪರಿಚಿತ. ಮೊದಲಿನದು ಕೆಲವು ನಿಮಿಷಗಳ ಸರಾಸರಿ, ಕೊನೆಯದು ಬೀಸುಗಾಳಿಯ ತುತ್ತತುದಿ. ಓದುವಾಗ 45ಕ್ಕೂ 65ಕ್ಕೂ ಅಂಥ ವ್ಯತ್ಯಾಸ ಕಾಣುವುದಿಲ್ಲ. ವರ್ಗ ಮಾಡಿ ನೋಡಿದರೆ 2,025 ಮತ್ತು 4,225, ಅಂದರೆ ಎರಡು ಪಟ್ಟಿಗೂ ಮಿಗಿಲು. ಹಗ್ಗ ಹರಿಯುವುದು ಸರಾಸರಿಗೆ ಅಲ್ಲ, ಆ ಒಂದು ಬೀಸಿಗೆ. ಆದ್ದರಿಂದ ಲೆಕ್ಕಕ್ಕೆ ಯಾವತ್ತೂ ದೊಡ್ಡ ಅಂಕಿಯನ್ನೇ ತೆಗೆದುಕೊಳ್ಳಬೇಕು.

ಇಲ್ಲಿ ತಿಳಿದವರು ಒಂದು ಆಕ್ಷೇಪ ಎತ್ತಬಹುದು. ಗಾಳಿಯ ವೇಗವನ್ನು ನೆಲ ಅಥವಾ ನೀರಿನಿಂದ ಹತ್ತು ಮೀಟರ್ ಎತ್ತರದ ಲೆಕ್ಕದಲ್ಲಿ ಹೇಳುವುದು ವಾಡಿಕೆ, ಆದರೆ ಬೋಟಿನ ಬಹುಭಾಗ ಇರುವುದು ನೀರಿನಿಂದ ಎರಡು ಮೂರು ಮೀಟರ್ ಎತ್ತರದಲ್ಲಿ. ನೀರಿನ ಮೈಗೆ ಉಜ್ಜಿ ಸಾಗುವ ಗಾಳಿ ಕೆಳಗೆ ನಿಧಾನ, ಮೇಲೆ ಚುರುಕು. ಎರಡು ಮೀಟರ್ ಎತ್ತರದಲ್ಲಿ ವೇಗ ಹತ್ತು ಮೀಟರಿನದರ ಸುಮಾರು 84 ಶೇಕಡ, ಒತ್ತಡ ಸುಮಾರು 70 ಶೇಕಡ ಎಂದು ತೆರೆದ ಕಡಲಿಗೆ ಅನ್ವಯಿಸುವ ಲೆಕ್ಕ ಹೇಳುತ್ತದೆ. ಹಾಗಾದರೆ ಮೂವತ್ತು ಶೇಕಡ ಕಡಿಮೆ ಮಾಡಬಹುದಲ್ಲವೇ? ಕಾಗದದ ಮೇಲೆ ಮಾಡಬಹುದು. ನಾನು ಮಾಡುವುದಿಲ್ಲ. ಗುಡ್ಡದ ಸಂದಿಯಿಂದ ಹೊಮ್ಮಿ ಬರುವ ಬೀಸು ಈ ಅಚ್ಚುಕಟ್ಟಾದ ಏರಿಳಿತಕ್ಕೆ ಒಳಪಡುವುದಿಲ್ಲ, ಮುನ್ಸೂಚನೆಯ ಅಂಕಿಯೂ ಒಂದು ವಿಶಾಲ ಪ್ರದೇಶಕ್ಕೆ ಕೊಟ್ಟದ್ದೇ ಹೊರತು ನಮ್ಮ ಬೋಟು ನಿಂತ ಮೂಲೆಗಲ್ಲ. ಸಿಕ್ಕ ರಿಯಾಯಿತಿಯನ್ನು ಜೇಬಿಗೆ ಹಾಕಿಕೊಳ್ಳದೆ ಹಾಗೆಯೇ ಬಿಟ್ಟರೆ, ಮುಂದೆ ಬರುವ ತಪ್ಪುಗಳಿಗೆ ಒಂದಿಷ್ಟು ಅಡ್ಡ ಸಿಗುತ್ತದೆ.

ವೇಗದ ನಂತರ ವಿಸ್ತೀರ್ಣ. ಗಾಳಿಗೆ ಎದುರಾಗಿ ನಿಂತ ಬೋಟಿನ ಎಷ್ಟು ಭಾಗ ಗಾಳಿಯನ್ನು ತಡೆಯುತ್ತದೆ ಎಂಬುದನ್ನು ಅಳೆಯಲು ಅತ್ಯಂತ ಒಳ್ಳೆಯ ಉಪಕರಣ ಮೊಬೈಲ್ ಫೋನು. ಚಿಕ್ಕ ದೋಣಿಯಲ್ಲಿ ಕುಳಿತು ಬೋಟಿನ ಮೂತಿಗೆ ನೇರವಾಗಿ, ಸಾಕಷ್ಟು ದೂರದಿಂದ, ಜೂಮ್ ಮಾಡಿ ಒಂದು ಚಿತ್ರ ತೆಗೆಯಬೇಕು. ಹತ್ತಿರದಿಂದ ತೆಗೆದರೆ ಮೂತಿ ದೊಡ್ಡದಾಗಿಯೂ ಹಿಂದಿನ ಕ್ಯಾಬಿನ್ ಚಿಕ್ಕದಾಗಿಯೂ ಕಂಡು ಲೆಕ್ಕ ತಪ್ಪುತ್ತದೆ. ಚಿತ್ರದಲ್ಲಿ ಉದ್ದ ಗೊತ್ತಿರುವ ವಸ್ತುವೊಂದು ಇರಲಿ, ಎರಡು ಮೀಟರಿನ ಬಿದಿರು ಗಳುವಾದರೂ ಆದೀತು. ಆ ಚಿತ್ರವನ್ನು ಚೌಕುಳಿ ಕಾಗದಕ್ಕೆ ಇಳಿಸಿ ಚೌಕಗಳನ್ನು ಎಣಿಸಿದರೆ ವಿಸ್ತೀರ್ಣ ಕೈಗೆ ಬರುತ್ತದೆ. ಹೀಗೆ ಎಣಿಸುವಾಗ ಒಂದು ಸಂಗತಿ ಗಮನಕ್ಕೆ ಬರುತ್ತದೆ: ನಾವು ಬೋಟು ಎಂದು ಭಾವಿಸುವ ಮರದ ಅಥವಾ ಕಬ್ಬಿಣದ ಒಡಲಿನಷ್ಟೇ ಜಾಗವನ್ನು ಅದರ ಮೇಲೆ ಹೇರಿದ ಸಾಮಾನೂ ತಿನ್ನುತ್ತಿರುತ್ತದೆ. ರಾಶಿ ಹಾಕಿದ ಬಲೆ ದೂರಕ್ಕೆ ತೂತುತೂತಾಗಿ ಕಂಡರೂ ಗಾಳಿಯ ಪಾಲಿಗೆ ಅದು ಹೆಚ್ಚುಕಡಿಮೆ ಗೋಡೆಯೇ.

ಉದಾಹರಣೆಗೆ 20 ಮೀಟರ್ ಉದ್ದ, 5.8 ಮೀಟರ್ ಅಗಲದ ಒಂದು ಟ್ರಾಲ್ ಬೋಟನ್ನು ಇಟ್ಟುಕೊಳ್ಳೋಣ. ನೀರಿನಿಂದ ಮೇಲಿನ ಒಡಲು ಸರಾಸರಿ ಎರಡು ಮೀಟರ್ ಎತ್ತರವಿದ್ದರೆ ಎದುರಿನಿಂದ ಕಾಣುವುದು 11.6 ಚದರ ಮೀಟರ್. ಮೂರೂವರೆ ಮೀಟರ್ ಅಗಲ, 2.4 ಮೀಟರ್ ಎತ್ತರದ ಕ್ಯಾಬಿನ್ 8.4 ಚದರ ಮೀಟರ್. ಕಂಬ, ಕಬ್ಬಿಣದ ಚೌಕಟ್ಟು, ಹಗ್ಗ, ದೀಪಗಳೆಲ್ಲ ಸೇರಿ 3 ಚದರ ಮೀಟರ್ ಎನ್ನೋಣ. ಒಟ್ಟು 23.

ಆದರೆ ಎಲ್ಲ ಚದರ ಮೀಟರುಗಳೂ ಗಾಳಿಗೆ ಸಮಾನವಲ್ಲ. ಚೂಪಾದ ಮೂತಿ ಗಾಳಿಯನ್ನು ಇಬ್ಭಾಗ ಮಾಡಿ ಜಾರಿಸುತ್ತದೆ. ಪೆಟ್ಟಿಗೆಯಂಥ ಕ್ಯಾಬಿನ್ನಿನ ಚಪ್ಪಟೆ ಮುಖ ಗಾಳಿಯನ್ನು ತಡೆದು ನಿಲ್ಲಿಸುವುದಲ್ಲದೆ ತನ್ನ ಬೆನ್ನ ಹಿಂದೆ ಸುಳಿಗಳನ್ನು ಎಬ್ಬಿಸಿ, ಅಲ್ಲಿ ಒತ್ತಡ ಇಳಿದು, ಆ ಇಳಿತವೂ ಅದನ್ನು ಹಿಂದಕ್ಕೆ ಹೀರುತ್ತದೆ. ಈ ವ್ಯತ್ಯಾಸವನ್ನು ಆಕಾರದ ಗುಣಾಂಕ ಎಂಬ ಸಂಖ್ಯೆಯಿಂದ ಸರಿದೂಗಿಸುತ್ತಾರೆ. ಮೂತಿಗೆ 0.7, ಕ್ಯಾಬಿನ್ನಿಗೆ 1.1, ಕಂಬ ಮತ್ತು ಹಗ್ಗಗಳಿಗೆ 1.2 ಎಂದು ಹಿಡಿದು ಗುಣಿಸಿ ಕೂಡಿದರೆ ನಮ್ಮ ಬೋಟಿನ ‘ಗಾಳಿಗೆ ಲೆಕ್ಕವಾಗುವ’ ವಿಸ್ತೀರ್ಣ ಸುಮಾರು 21 ಚದರ ಮೀಟರ್. ಈ ಗುಣಾಂಕಗಳು ಬ್ರಹ್ಮಲಿಖಿತವಲ್ಲ. ಗಾಳಿಯ ಒತ್ತಡಕ್ಕೆ ಇಂಗ್ಲೆಂಡಿನ ಎಂಜಿನಿಯರ್ ಜಾನ್ ಸ್ಮೀಟನ್ 1759ರಲ್ಲಿ ಪ್ರಕಟಿಸಿದ ಕೋಷ್ಟಕದಿಂದ ಬಂದ ಒಂದು ಸ್ಥಿರಾಂಕವನ್ನು ಜನ ನೂರ ನಲವತ್ತು ವರ್ಷ ಬಳಸಿದರು. ಅದು ಸುಮಾರು ಅರ್ಧದಷ್ಟು ಹೆಚ್ಚಾಗಿದೆ ಎಂಬುದು ಖಚಿತವಾಗಿ ಮನವರಿಕೆಯಾದದ್ದು, ತಮ್ಮ ಗ್ಲೈಡರು ನಿರೀಕ್ಷಿಸಿದಷ್ಟು ಮೇಲೇಳದೆ ತಲೆ ಕೆಡಿಸಿಕೊಂಡ ರೈಟ್ ಸಹೋದರರಿಗೆ. ಅವರು 0.005ರ ಜಾಗದಲ್ಲಿ ಸುಮಾರು 0.0033 ಎಂದು ಕಂಡುಕೊಂಡರು. ಆದ್ದರಿಂದ 0.7ರ ಬದಲು 0.8 ಹಾಕಬೇಕಿತ್ತೆಂದು ಯಾರಾದರೂ ಜಗಳಕ್ಕೆ ಬಂದರೆ ಒಪ್ಪಿಕೊಂಡು ಮುಂದೆ ಸಾಗುವುದೇ ಜಾಣತನ. ಲೆಕ್ಕವನ್ನು ನಿಜವಾಗಿ ಬುಡಮೇಲು ಮಾಡುವ ಅಂಶಗಳು ಬೇರೆ ಇವೆ.

ಈಗ ಗುಣಿಸಬಹುದು. ಗಾಳಿ ನೇರ ಮೂತಿಗೆ ಬೀಸುತ್ತಿದ್ದರೆ, ಗಂಟೆಗೆ 45 ಕಿ.ಮೀ. ವೇಗಕ್ಕೆ ಎಳೆತ ಸುಮಾರು 193 ಕೆ.ಜಿ., 65 ಕಿ.ಮೀ. ವೇಗಕ್ಕೆ 403 ಕೆ.ಜಿ., 100 ಕಿ.ಮೀ. ವೇಗಕ್ಕೆ 955 ಕೆ.ಜಿ. ಅತ್ಯಂತ ತೀವ್ರ ಚಂಡಮಾರುತ ಎಂದು ಹವಾಮಾನ ಇಲಾಖೆ ಕರೆಯುವ ದರ್ಜೆ ಆರಂಭವಾಗುವುದು ಗಂಟೆಗೆ 167 ಕಿ.ಮೀ.ಗೆ; ಆ ವೇಗಕ್ಕೆ ನಮ್ಮ ಬೋಟಿನ ಎಳೆತ ಎರಡೂವರೆ ಟನ್ನು ದಾಟುತ್ತದೆ. 2021ರ ಮೇ 17ರಂದು ತೌಕ್ತೆ ಚಂಡಮಾರುತದಲ್ಲಿ ಮುಂಬೈ ಆಚೆಯ ಕಡಲಿನಲ್ಲಿ 261 ಜನರಿದ್ದ ಪಿ-305 ಎಂಬ ವಸತಿ ಬಾರ್ಜು ಲಂಗರು ಕಳಚಿಕೊಂಡು ತೇಲಿಹೋಗಿ ಮುಳುಗಿದ್ದು ಅನೇಕರಿಗೆ ನೆನಪಿರಬಹುದು. ಹಲವು ಅಂತಸ್ತಿನ ಕಟ್ಟಡವನ್ನು ತಟ್ಟೆಯ ಮೇಲೆ ಇಟ್ಟಂತಿರುವ ಅಂಥ ಬಾರ್ಜಿನ ವಿಸ್ತೀರ್ಣವನ್ನು ಇದೇ ಸೂತ್ರಕ್ಕೆ ಹಾಕಿ ನೋಡಿದರೆ, ಎಳೆತವನ್ನು ಹತ್ತಾರು ಟನ್ನುಗಳಲ್ಲಿ ಎಣಿಸಬೇಕಾಗುತ್ತದೆ.

ಹೆಚ್ಚಿನ ವಿವರಣೆಗಳು ಇಷ್ಟಕ್ಕೆ ನಿಲ್ಲುತ್ತವೆ. ಆದರೆ ಲಂಗರು ಹಾಕಿದ ಬೋಟು ಗೂಟಕ್ಕೆ ಕಟ್ಟಿದ ಹಸುವಿನಂತೆ ಸುಮ್ಮನೆ ನಿಲ್ಲುವುದಿಲ್ಲ. ದಾರಕ್ಕೆ ಕಟ್ಟಿದ ಬಾಲಂಗೋಚಿಯಿಲ್ಲದ ಗಾಳಿಪಟದಂತೆ ಆ ಕಡೆ ಈ ಕಡೆ ತೊನೆಯುತ್ತದೆ. ಒಂದು ಬೀಸು ಮೂತಿಯನ್ನು ಸ್ವಲ್ಪ ಎಡಕ್ಕೆ ತಳ್ಳಿತೆನ್ನಿ, ಬಲಮಗ್ಗುಲು ಗಾಳಿಗೆ ತೆರೆದುಕೊಳ್ಳುತ್ತದೆ, ಹೆಚ್ಚಿನ ಮೈಗೆ ಹೆಚ್ಚಿನ ಗಾಳಿ ತಾಗಿ ಬೋಟು ಎಡಕ್ಕೆ ಓಡತೊಡಗುತ್ತದೆ, ಹಗ್ಗ ಬಿಗಿಯಾದಾಗ ಮೂತಿ ಸೆಟೆದು ತಿರುಗುತ್ತದೆ, ಆಮೇಲೆ ಎದುರು ದಿಕ್ಕಿಗೆ ಇದೇ ಆಟ. ಕ್ಯಾಬಿನ್ ಮುಂದಿರುವ ಬೋಟುಗಳಲ್ಲಿ ಇದು ಹೆಚ್ಚು, ಹಿಂದಿರುವವುಗಳಲ್ಲಿ ಕಡಿಮೆ, ಏಕೆಂದರೆ ಹಿಂದಿನ ಕ್ಯಾಬಿನ್ನೇ ಬಾಲಂಗೋಚಿಯ ಕೆಲಸ ಮಾಡುತ್ತದೆ. ಹಾಯಿದೋಣಿಯವರು ಇದಕ್ಕೆಂದೇ ಹಿಂಭಾಗದಲ್ಲಿ ಒಂದು ಪುಟ್ಟ ಹಾಯಿಯನ್ನು ಬಿಗಿಯಾಗಿ ಏರಿಸುವುದುಂಟು.

ಈ ತೊನೆತಕ್ಕೆ ಬೆಲೆ ಎಷ್ಟು? ನಮ್ಮದೇ ಬೋಟನ್ನು ಪಕ್ಕದಿಂದ ಅಳೆದರೆ ಒಡಲು 36, ಕ್ಯಾಬಿನ್ 12, ಉಳಿದ ಸಾಮಾನು 5 ಚದರ ಮೀಟರ್ ಎಂದು ಹಿಡಿಯಬಹುದು. ಪಕ್ಕದಿಂದ ಒಡಲು ಗಾಳಿಯನ್ನು ಮೂತಿಯಂತೆ ಸೀಳದ್ದರಿಂದ ಅದಕ್ಕೆ 0.7ರ ಬದಲು 1 ಎಂದು ಹಿಡಿದು ಗುಣಾಂಕ ಸೇರಿಸಿದರೆ ಸುಮಾರು 55. ಎದುರಿನ 21ಕ್ಕೆ ಹೋಲಿಸಿದರೆ ಎರಡೂವರೆ ಪಟ್ಟಿಗೂ ಹೆಚ್ಚು. ಬೋಟು ಗಾಳಿಗೆ 30 ಡಿಗ್ರಿ ಓರೆಯಾದಾಗ ಎದುರಿನ ಎಳೆತದ ಒಂದು ಪಾಲು ಮತ್ತು ಪಕ್ಕದ ಎಳೆತದ ಅರ್ಧಪಾಲು ಒಟ್ಟಿಗೆ ಕೆಲಸ ಮಾಡಿ, ಮೊತ್ತ 21ರ ಬದಲು 33 ಚದರ ಮೀಟರಿನಷ್ಟಾಗುತ್ತದೆ. ಗಂಟೆಗೆ 65 ಕಿ.ಮೀ. ಗಾಳಿಗೆ 403 ಕೆ.ಜಿ. ಇದ್ದದ್ದು ಹೀಗೆ 630 ಕೆ.ಜಿ. ದಾಟಿತು. ಇನ್ನು ಲಂಗರು ಕಿತ್ತು ಬೋಟು ಸಂಪೂರ್ಣ ಅಡ್ಡವಾಗಿಬಿಟ್ಟರೆ ಅದೇ ಗಾಳಿಗೆ ಎಳೆತ ಒಂದು ಟನ್ನಿನ ಮೇಲೆ. ಜಾರತೊಡಗಿದ ಲಂಗರು ತಾನಾಗಿಯೇ ಮತ್ತೆ ಕಚ್ಚಿಕೊಳ್ಳುವುದು ಅಪರೂಪವಾಗಿರುವುದಕ್ಕೆ ಇದೂ ಒಂದು ಕಾರಣ: ಜಾರುತ್ತಿರುವ ಬೋಟು ಅಡ್ಡ ತಿರುಗುತ್ತದೆ, ಅಡ್ಡ ತಿರುಗಿದ ಬೋಟು ಇನ್ನಷ್ಟು ಎಳೆಯುತ್ತದೆ.

ಮಾನದಂಡಗಳನ್ನು ರೂಪಿಸುವವರು ಇದನ್ನು ಅರಿತೇ ಇದ್ದಾರೆ. ಅಮೆರಿಕದ ಬೋಟ್ ಮತ್ತು ಯಾಟ್ ಕೌನ್ಸಿಲಿನ ಕೋಷ್ಟಕ 40 ಅಡಿ ಉದ್ದದ ಬೋಟಿಗೆ 30 ನಾಟ್ ಗಾಳಿಯಲ್ಲಿ, ಅಂದರೆ ಗಂಟೆಗೆ 55 ಕಿ.ಮೀ. ಚಿಲ್ಲರೆಗೆ, 1,200 ಪೌಂಡ್ ಅಥವಾ 544 ಕೆ.ಜಿ. ಎಳೆತ ಹಿಡಿಯಬೇಕೆಂದು ಹೇಳುತ್ತದೆ. ಆ ಗಾತ್ರದ ಬೋಟಿನ ಎದುರು ವಿಸ್ತೀರ್ಣವನ್ನು ಗುಣಾಂಕ ಸಹಿತ 12 ಚದರ ಮೀಟರ್ ಎಂದಿಟ್ಟುಕೊಂಡರೂ ನಮ್ಮ ಸೂತ್ರಕ್ಕೆ ಸಿಗುವುದು 170 ಕೆ.ಜಿ. ಆಸುಪಾಸು. ಮೂರು ಪಟ್ಟಿಗೂ ಮಿಕ್ಕ ಈ ಅಂತರವನ್ನು ನೋಡಿ ಕೋಷ್ಟಕ ವಿಪರೀತ ಎಂದು ತಳ್ಳಿಹಾಕುವವರಿದ್ದಾರೆ. ಶಾಂತ ನೀರಿನಲ್ಲಿ ಅಳೆದವರಿಗೆ ಹಾಗೆನ್ನಿಸುವುದು ಸಹಜ. ಆದರೆ ಕೋಷ್ಟಕದ ಅಂಕಿ ಬರಿಯ ಗಾಳಿಯದಲ್ಲ, ತೊನೆತವನ್ನೂ ಅಲೆಯ ಜಗ್ಗಾಟವನ್ನೂ ಒಳಗೊಂಡ ವಿನ್ಯಾಸದ ಅಂಕಿ.

ಅಲೆಯ ಜಗ್ಗಾಟವೇ ಈ ಇಡೀ ಲೆಕ್ಕದ ಅತ್ಯಂತ ಅಪಾಯದ ಭಾಗ. ನಮ್ಮ ಬೋಟು ಸಾಮಾನು ಸಹಿತ 60 ಟನ್ ತೂಗುತ್ತದೆ ಎನ್ನೋಣ. ಅಲೆಯೊಂದು ಅದನ್ನು ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ, ಅಂದರೆ ಆಗಷ್ಟೇ ನಡೆಯಲು ಕಲಿತ ಮಗುವಿನ ತಪ್ಪುಹೆಜ್ಜೆಯ ವೇಗದಲ್ಲಿ, ಹಿಂದಕ್ಕೆ ತಳ್ಳಿತು. ಹಗ್ಗ ಬಿಗಿಯಾದಾಗ ಆ ಚಲನೆಯ ಶಕ್ತಿಯೆಲ್ಲ ಹಗ್ಗದಲ್ಲೇ ಕರಗಬೇಕು. ಹಗ್ಗ ಅಥವಾ ಸರಪಳಿ ಅರ್ಧ ಮೀಟರ್ ಮಾತ್ರ ಬಳುಕಿದರೆ ಎಳೆತದ ಸರಾಸರಿಯೇ ಒಂದೂವರೆ ಟನ್, ತುತ್ತತುದಿ ಅದರ ಎರಡು ಪಟ್ಟು, ಮೂರು ಟನ್. ಅದೇ ಹಗ್ಗ ಐದು ಮೀಟರ್ ಹಿಗ್ಗಿ ಕೊಟ್ಟರೆ ಸರಾಸರಿ 150 ಕೆ.ಜಿ., ತುದಿ 300 ಕೆ.ಜಿ. ಬೋಟು ಅದೇ, ಅಲೆ ಅದೇ, ವ್ಯತ್ಯಾಸ ಮಾತ್ರ ಹತ್ತು ಪಟ್ಟು. ಗಾಳಿಯ ಎಳೆತ ಇದರ ಮೇಲೆ ಪ್ರತ್ಯೇಕ. ಗಾಳಿಯ 400 ಕೆ.ಜಿ.ಯನ್ನು ಆರಾಮವಾಗಿ ತಡೆದ ಸರಪಳಿ ಒಂದೇ ಜಗ್ಗಿಗೆ ತುಂಡಾಗುವುದು, ಅಥವಾ ಅದನ್ನು ಕಟ್ಟಿದ ಕಬ್ಬಿಣದ ಗೂಟ ಡೆಕ್ಕಿನಿಂದ ಕಿತ್ತು ಬರುವುದು ಹೀಗೆ.

ಹಗ್ಗದ ಜಾತಿ ಇಲ್ಲಿ ಮುಖ್ಯವಾಗುತ್ತದೆ. ಐವತ್ತು ಮೀಟರ್ ನೈಲಾನ್ ಹಗ್ಗ ಸುರಕ್ಷಿತ ಮಿತಿಯೊಳಗೇ ಹತ್ತು ಶೇಕಡ ಹಿಗ್ಗಿ ಆ ಐದು ಮೀಟರನ್ನು ಕೊಡಬಲ್ಲದು. ಅಗ್ಗಕ್ಕೆ ಸಿಗುವ ಪಾಲಿಪ್ರೊಪಿಲೀನ್ ಹಗ್ಗ ಅಷ್ಟು ಹಿಗ್ಗುವುದಿಲ್ಲ, ಜೊತೆಗೆ ನೀರಿನ ಮೇಲೆ ತೇಲುವುದರಿಂದ ಲಂಗರನ್ನು ಕೆಳಕ್ಕೆ ಒತ್ತಿ ಹಿಡಿಯುವ ಬದಲು ಮೇಲಕ್ಕೆತ್ತಲು ನೋಡುತ್ತದೆ. ನೈಲಾನಿಗೂ ದೋಷವಿದೆ, ನೆನೆದಾಗ ಅದರ ಬಲ ಹತ್ತು ಹದಿನೈದು ಶೇಕಡ ಕುಗ್ಗುತ್ತದೆ. ಅಂಚಿಗೆ ಉಜ್ಜಿದಲ್ಲಿ ಬಿಸಿಯಾಗಿ ಸವೆಯುತ್ತದೆ.

ಸರಪಳಿ ಹಿಗ್ಗುವುದಿಲ್ಲ, ಆದರೆ ಅದರ ಭಾರದಿಂದಲೇ ಅದು ನೀರಿನೊಳಗೆ ಜೋತುಬೀಳುತ್ತದೆ. ಎಳೆತ ಹೆಚ್ಚಿದಂತೆ ಜೋತುಬಿದ್ದ ಭಾಗ ಮೇಲೇಳುತ್ತಾ ಬೋಟಿಗೆ ಹಿಂದೆ ಸರಿಯಲು ಆಸ್ಪದ ಕೊಡುತ್ತದೆ, ಲಂಗರಿನ ಬಳಿ ಮಾತ್ರ ನೆಲಕ್ಕೆ ಅಂಟಿಯೇ ಇರುತ್ತದೆ. ಲಂಗರಿಗೆ ಬೇಕಾದದ್ದು ಇದೇ: ನೆಲಕ್ಕೆ ಸಮನಾಗಿ ಎಳೆದರೆ ಅದು ಇನ್ನಷ್ಟು ಆಳಕ್ಕೆ ಹೂತುಕೊಳ್ಳುತ್ತದೆ, ಮೇಲ್ಮುಖವಾಗಿ ಎಳೆದರೆ ಕಿತ್ತು ಬರುತ್ತದೆ. ಲಂಗರಿನ ಬಳಿ ಎಳೆತ ನೆಲಕ್ಕೆ ಸಮನಾಗಿರಲು ಎಷ್ಟು ಸರಪಳಿ ಬೇಕೆಂಬುದಕ್ಕೆ ಹಳೆಯ, ಖಚಿತವಾದ ಲೆಕ್ಕವಿದೆ. ಎಳೆತವನ್ನು ಸರಪಳಿಯ ಒಂದು ಮೀಟರಿನ ತೂಕದಿಂದ ಭಾಗಿಸಿ, ಅದನ್ನು ಆಳದ ಎರಡರಷ್ಟರಿಂದ ಗುಣಿಸಿ, ಆಳದ ವರ್ಗವನ್ನು ಕೂಡಿ, ಬಂದ ಮೊತ್ತದ ವರ್ಗಮೂಲ ತೆಗೆಯಬೇಕು. ಆಳ ಎಂದರೆ ನೀರಿನ ಆಳವಷ್ಟೇ ಅಲ್ಲ, ಭರತದಲ್ಲಿ ಏರುವ ನೀರು ಮತ್ತು ಬೋಟಿನ ಮೂತಿಯ ಎತ್ತರ ಎರಡನ್ನೂ ಸೇರಿಸಿದ್ದು. ಈ ಮೊತ್ತ 8 ಮೀಟರ್, ನೀರಿನೊಳಗೆ ಸರಪಳಿಯ ತೂಕ ಮೀಟರಿಗೆ 3 ಕೆ.ಜಿ. ಎಂದು ಹಿಡಿದರೆ, 193 ಕೆ.ಜಿ. ಎಳೆತಕ್ಕೆ 33 ಮೀಟರ್, 403 ಕೆ.ಜಿ.ಗೆ 47 ಮೀಟರ್, 955 ಕೆ.ಜಿ.ಗೆ 72 ಮೀಟರ್ ಸರಪಳಿ ಬೇಕು.

ಈ ಮೂರು ಅಂಕಿಗಳನ್ನು ಗಾಳಿಯ ವೇಗದ ಪಕ್ಕದಲ್ಲಿಟ್ಟು ನೋಡಿದರೆ ಒಂದು ಚೆಲುವಾದ ಸಂಗತಿ ಹೊರಬೀಳುತ್ತದೆ. ಎಳೆತ ಬೆಳೆಯುವುದು ವೇಗದ ವರ್ಗದಂತೆ, ಬೇಕಾದ ಸರಪಳಿ ಬೆಳೆಯುವುದು ಎಳೆತದ ವರ್ಗಮೂಲದಂತೆ. ಒಂದು ಇನ್ನೊಂದನ್ನು ಹೊಡೆದುಹಾಕಿ, ಸರಪಳಿಯ ಉದ್ದ ಗಾಳಿಯ ವೇಗಕ್ಕೆ ನೇರವಾಗಿ ಹೊಂದಿಕೊಂಡು ಬೆಳೆಯುತ್ತದೆ. ಈ ಬೋಟಿಗೆ, ಈ ಆಳದಲ್ಲಿ, ಗಂಟೆಗೆ ಒಂದು ಕಿ.ಮೀ. ಗಾಳಿಗೆ ಮುಕ್ಕಾಲು ಮೀಟರಿಗಿಂತ ತುಸು ಕಡಿಮೆ ಸರಪಳಿ ಎಂದು ಬಾಯಿಪಾಠ ಮಾಡಿಟ್ಟುಕೊಳ್ಳಬಹುದು. ಆದರೆ ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ಗಾಳಿ ಜೋರಾದಷ್ಟೂ ಸರಪಳಿ ಸೆಟೆದು ನೇರವಾಗುತ್ತಾ ಹೋಗುವುದರಿಂದ, ಜಗ್ಗಾಟವನ್ನು ಮೆತ್ತಗಾಗಿಸುವ ಅದರ ಗುಣ ಅತ್ಯಂತ ಬೇಕಾದ ಹೊತ್ತಿನಲ್ಲೇ ಕೈಕೊಡುತ್ತದೆ. ಬಲ್ಲವರು ಸರಪಳಿಯ ಮೇಲ್ತುದಿಗೂ ಬೋಟಿಗೂ ನಡುವೆ ಒಂದಿಷ್ಟು ಉದ್ದದ ನೈಲಾನ್ ಹಗ್ಗ ಸೇರಿಸುವುದು ಇದಕ್ಕಾಗಿ. ಪೂರ್ತಿ ಸರಪಳಿ ಕೊಳ್ಳಲಾಗದೆ ಕೆಲವು ಮೀಟರ್ ಸರಪಳಿ, ಉಳಿದದ್ದು ಹಗ್ಗ ಎಂದು ಇಟ್ಟುಕೊಂಡವರಿಗೆ ಜೋತುಬೀಳುವ ಈ ಲೆಕ್ಕ ಅನ್ವಯಿಸುವುದಿಲ್ಲ, ಅಲ್ಲಿ ಕೋನವೇ ಎಲ್ಲ: ಆಳದ ಮೂರು ಪಟ್ಟು ಹಗ್ಗ ಬಿಟ್ಟರೆ ಎಳೆತ ನೆಲದಿಂದ ಸುಮಾರು 19 ಡಿಗ್ರಿ ಮೇಲ್ಮುಖ, ಐದು ಪಟ್ಟಿಗೆ 11 ಡಿಗ್ರಿ ಚಿಲ್ಲರೆ, ಏಳು ಪಟ್ಟಿಗೆ 8 ಡಿಗ್ರಿ.

ಅಳಿವೆಯ ಬಳಿ ನಿಲ್ಲುವವರಿಗೆ ನೀರಿನ ಹರಿವೂ ಸೇರಿಕೊಳ್ಳುತ್ತದೆ. ನೀರು ಗಾಳಿಗಿಂತ ಎಂಟುನೂರು ಪಟ್ಟಿಗೂ ಹೆಚ್ಚು ಸಾಂದ್ರವಾದ್ದರಿಂದ ಸೆಕೆಂಡಿಗೆ ಒಂದು ಮೀಟರಿನ ಹರಿವನ್ನು ಹಗುರವಾಗಿ ಕಾಣುವಂತಿಲ್ಲ. ಮೂತಿಗೆ ಎದುರಾಗಿ ಬಂದರೆ ನುಣುಪಾದ ಒಡಲು ಅದನ್ನು ಸುಲಭವಾಗಿ ಸೀಳುತ್ತದೆ, ಹೆಚ್ಚುವರಿ ಎಳೆತ ಕೆಲವು ಹತ್ತು ಕೆ.ಜಿ.ಗಳಷ್ಟೇ. ಪಕ್ಕಕ್ಕೆ ಬಂದರೆ ಅದೇ ಹರಿವು ಒಂದು ಟನ್ನಿಗೂ ಹೆಚ್ಚು ತಳ್ಳಬಲ್ಲದು. ಮಳೆಗಾಲದಲ್ಲಿ ಕಾಳಿಯಂಥ ನದಿಯ ನೆರೆ ಪಡುವಣಕ್ಕೆ ಹರಿಯುತ್ತಿದ್ದು ಗಾಳಿ ಪಡುವಣದಿಂದ ಬೀಸುತ್ತಿದ್ದರೆ, ಬೋಟು ಯಾವುದಕ್ಕೆ ಮೂತಿ ಕೊಡಬೇಕೆಂದು ತೋಚದೆ ಅಡ್ಡಡ್ಡ ನಿಲ್ಲುವುದೂ ಉಂಟು. ಆಗ ಮೇಲಿನ ಯಾವ ಅಂಕಿಯೂ ಕೆಲಸಕ್ಕೆ ಬಾರದು. ಜಾಗ ಬದಲಿಸುವುದೊಂದೇ ದಾರಿ.

ಆಶ್ರಯಕ್ಕೆ ಬಂದ ಬೋಟುಗಳು ಒಂದರ ಮಗ್ಗುಲಿಗೆ ಒಂದು ಕಟ್ಟಿಕೊಂಡು, ನಾಲ್ಕೈದು ಸೇರಿ ಒಂದೆರಡು ಲಂಗರುಗಳನ್ನೇ ನಂಬಿ ನಿಂತಾಗ ಏನಾಗುತ್ತದೆ ಎಂಬುದನ್ನೂ ಇದೇ ಲೆಕ್ಕ ಹೇಳುತ್ತದೆ. ಅಕ್ಕಪಕ್ಕದಲ್ಲಿ ನಿಂತ ಬೋಟುಗಳು ಒಂದಕ್ಕೊಂದು ಗಾಳಿಯ ಮರೆ ಕೊಡುವುದಿಲ್ಲ, ಪ್ರತಿಯೊಂದರ ಮೂತಿಗೂ ಪೂರ್ತಿ ಗಾಳಿ ತಾಗುತ್ತದೆ. ನಮ್ಮ ಉದಾಹರಣೆಯ ಬೋಟಿನಂಥ ನಾಲ್ಕು ಕೂಡಿದರೆ ಗಂಟೆಗೆ 65 ಕಿ.ಮೀ. ಗಾಳಿಗೆ ಒಟ್ಟು ಎಳೆತ ಒಂದು ಟನ್ನು ಆರುನೂರು ಕೆ.ಜಿ. ದಾಟುತ್ತದೆ. ಒಬ್ಬರ ಲಂಗರು ಒಬ್ಬರ ಬೋಟಿಗೆಂದು ಆರಿಸಿದ್ದು. ಗಾಳಿ ತಿರುಗಿ ಪಕ್ಕಕ್ಕೆ ಬಂದಾಗ ಎಳೆತ ಎಲ್ಲಿಗೆ ಏರುತ್ತದೆ ಎಂಬುದನ್ನು ಹಿಂದಿನ 55 ಚದರ ಮೀಟರಿನಿಂದ ಓದುಗರೇ ಊಹಿಸಬಹುದು. ಅಡ್ಡಗಾಳಿಯಲ್ಲಿ ಹೊರಬದಿಯ ಬೋಟು ಉಳಿದವಕ್ಕೆ ಒಂದಿಷ್ಟು ಮರೆ ಕೊಟ್ಟೀತಾದರೂ ಅದರ ಮೇಲೆ ಭರವಸೆ ಇಡುವಷ್ಟಲ್ಲ.

ಎಳೆತವನ್ನು ಇಳಿಸುವ ಉಪಾಯಗಳಲ್ಲಿ ಅತ್ಯಂತ ಅಗ್ಗದ್ದು ಟಾರ್ಪಾಲು ಬಿಚ್ಚುವುದು. ಡೆಕ್ಕಿನ ಮೇಲೆ ಬಿಸಿಲಿಗೂ ಮಳೆಗೂ ಕಟ್ಟಿದ ನೀಲಿ ಟಾರ್ಪಾಲಿನ ಮುಂದಿನ ಇಳಿಜಾರು ಪರದೆ ನಾಲ್ಕು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರವಿದ್ದರೆ 6 ಚದರ ಮೀಟರ್, ಗುಣಾಂಕ ಸೇರಿ 7ಕ್ಕೂ ಹೆಚ್ಚು. ಇಡೀ ಬೋಟಿನದು 21 ಎಂಬುದನ್ನು ನೆನಪಿಸಿಕೊಂಡರೆ, ಒಂದು ಹಾಳೆ ಬಟ್ಟೆ ಎಳೆತಕ್ಕೆ ಮೂರನೆಯ ಒಂದರಷ್ಟು ಕೂಡಿಸಿತು ಎಂದಾಯಿತು. ಗಂಟೆಗೆ 65 ಕಿ.ಮೀ. ಗಾಳಿಗೆ ಅದರ ಪಾಲು 138 ಕೆ.ಜಿ. ಮಳೆಯಲ್ಲಿ ನೆನೆಯಬೇಕಾಗುತ್ತದೆ ಎಂಬ ಕಾರಣಕ್ಕೆ ಅದನ್ನು ಕೊನೆಯ ಗಳಿಗೆಯವರೆಗೂ ಬಿಚ್ಚದೆ ಉಳಿಸಿಕೊಳ್ಳುವವರೇ ಹೆಚ್ಚು, ಬಿಚ್ಚಬೇಕೆನ್ನಿಸುವ ಹೊತ್ತಿಗೆ ಗಾಳಿಯಲ್ಲಿ ಗಂಟು ಬಿಡಿಸಲು ಆಗುವುದಿಲ್ಲ.

ಲೆಕ್ಕ ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಮನಸ್ಸಿದ್ದವರು ಮೀನು ತೂಗುವ ಡಿಜಿಟಲ್ ತಕ್ಕಡಿಯ ದೊಡ್ಡ ಅಣ್ಣನನ್ನು, ಕ್ರೇನಿಗೆ ತೂಗುಹಾಕುವ ಹುಕ್ಕಿನ ತಕ್ಕಡಿಯನ್ನು, ಹಗ್ಗದ ನಡುವೆ ಸೇರಿಸಿ ಸಾಧಾರಣ ಗಾಳಿಯ ದಿನ ನೋಡಬಹುದು. ಗಂಟೆಗೆ 30 ಕಿ.ಮೀ. ಗಾಳಿಗೆ ನಮ್ಮ ಬೋಟು ಸುಮಾರು 86 ಕೆ.ಜಿ. ತೋರಿಸಬೇಕು, ಅಂಕಿ ಒಂದೆಡೆ ನಿಲ್ಲದೆ ನಲವತ್ತಕ್ಕೂ ನೂರೈವತ್ತಕ್ಕೂ ನಡುವೆ ಓಡಾಡುವುದನ್ನು ಹತ್ತು ನಿಮಿಷ ನೋಡಿದವರಿಗೆ ಬೀಸು, ತೊನೆತ, ಜಗ್ಗು ಎಂಬ ಮೂರೂ ಒಂದೇ ಪರದೆಯ ಮೇಲೆ ಕಾಣುತ್ತವೆ. ಗಾಳಿ ಬಲವಾದ ರಾತ್ರಿಯಲ್ಲಿ ಅಂಥ ತಕ್ಕಡಿಯನ್ನು ಹಗ್ಗದಲ್ಲಿ ಉಳಿಸಬಾರದು, ಅದೇ ಮೊದಲು ಹರಿಯುವ ಕೊಂಡಿಯಾದೀತು. ಆಗ ಅಂಗೈಯೇ ಸಾಧನ. ಮೂತಿಯ ಬಳಿ ಸರಪಳಿಯ ಮೇಲೆ ಕೈ ಇಟ್ಟರೆ, ಕಚ್ಚಿ ನಿಂತ ಲಂಗರಿನ ಎಳೆತ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವುದು ತಿಳಿಯುತ್ತದೆ. ಗಟ್ಟಿ ನೆಲದಲ್ಲಿ ಜಾರುತ್ತಿರುವ ಲಂಗರು ಸರಪಳಿಯುದ್ದಕ್ಕೂ ಗಡಗಡ ನಡುಕ ಕಳಿಸುತ್ತದೆ. ಮೆತ್ತನೆಯ ಕೆಸರಿನಲ್ಲಿ ಆ ನಡುಕವೂ ಬಾರದು, ದಡದ ಎರಡು ದೀಪಗಳನ್ನು ಒಂದರ ಹಿಂದೆ ಒಂದು ಸಾಲಾಗಿ ಹಿಡಿದು ಸಾಲು ಕದಲುತ್ತಿದೆಯೇ ಎಂದು ನೋಡುತ್ತಿರಬೇಕಾಗುತ್ತದೆ.